ಕಾಳಿಯ ಸೇತುವೆ ಮತ್ತು ಕಟ್ಟುಗೊಡಗೆ

ರವೀಂದ್ರನಾಥ ಠಾಕೂರರು ೧೮೮೩ರಲ್ಲಿ ಕಾರವಾರಕ್ಕೆ ಬಂದು ಕೆಲವು ಕಾಲ ಇದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಇಪ್ಪತ್ತೆರಡರ ಹರೆಯದ ಕವಿ ಬೆಳುದಿಂಗಳ ರಾತ್ರಿಯಲ್ಲಿ ದೋಣಿಯೇರಿ ಕಾಳಿನದಿಯಲ್ಲಿ ವಿಹರಿಸಿದುದನ್ನು ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ಬಹಳ ಪ್ರೀತಿಯಿಂದ ನೆನೆದುಕೊಂಡಿದ್ದಾರೆ. ಆ ಊರಿನಲ್ಲಿದ್ದಾಗಲೇ ಅವರು ಬರೆದ ನಾಟಕದ ಹೆಸರು ‘ಪ್ರಕೃತಿರ್ ಪ್ರತಿಶೋಧ್’; ಎಂದರೆ ಪ್ರಕೃತಿ ತೀರಿಸಿಕೊಂಡ ಸೇಡು. ನಾಟಕದ ವಸ್ತು ಸನ್ಯಾಸಿಯೊಬ್ಬನ ಮನಸ್ಸಿನ ಕಥೆ. ಅದಕ್ಕೂ ನಾನು ಇಂದು ಹೇಳಹೊರಟಿರುವ ಸಂಗತಿಗೂ ಸಂಬಂಧವಿಲ್ಲ. ಆದರೆ ಆ ಹೆಸರು ಮಾತ್ರ ಕಾರವಾರವನ್ನು ಬಿಟ್ಟು ಹೋದಂತೆ ಕಾಣುವುದಿಲ್ಲ. ಗುಡ್ಡ ಜರಿದರೆ ಪ್ರಕೃತಿಯ ಮುನಿಸು, ರಸ್ತೆ ಕೊಚ್ಚಿಹೋದರೆ ಪ್ರಕೃತಿಯ ವಿಕೋಪ, ಸೇತುವೆ ಬಿದ್ದರೆ ಪ್ರಕೃತಿಯ ಆಟ. ಪಾಪ, ಪ್ರಕೃತಿಗೆ ಬಾಯಿಲ್ಲ. ವಕೀಲರನ್ನು ನೇಮಿಸಿಕೊಳ್ಳುವ ಅನುಕೂಲವೂ ಇಲ್ಲ.

೨೦೨೪ರ ಆಗಸ್ಟ್ ೭ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿಯ ಮೇಲಿದ್ದ ಹಳೆಯ ಸೇತುವೆ ಮುರಿದು ನದಿಗೆ ಬಿದ್ದಿತು. ಗೋವೆಯ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಅದರೊಡನೆಯೇ ನೀರಿಗಿಳಿಯಿತು. ಚಾಲಕ ಹೇಗೋ ಹೊರಬಂದು ಲಾರಿಯ ನೆತ್ತಿಯ ಮೇಲೆ ನಿಂತ. ಮೀನುಗಾರರೂ ಪೋಲೀಸರೂ ಆ ಕತ್ತಲಲ್ಲಿ ದೋಣಿ ಹಾಕಿ ಅವನನ್ನು ಬದುಕಿಸಿ ತಂದರು. ಸದಾಶಿವಗಡದ ಕಡೆಯವರಿಗೆ ಶಾಲೆ, ಆಸ್ಪತ್ರೆ, ಸಂತೆ, ಕಚೇರಿ ಎಲ್ಲವೂ ಕಾರವಾರವೇ. ಅದೇ ಸೇತುವೆ ಬೆಳಗಿನ ಒಂಬತ್ತು ಗಂಟೆಗೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ಕೈ ಬರುವುದಿಲ್ಲ.

ಇದಕ್ಕೆ ಇಪ್ಪತ್ತೆರಡು ದಿನ ಮೊದಲು, ಜುಲೈ ೧೬ರ ಬೆಳಿಗ್ಗೆ, ಅದೇ ಹೆದ್ದಾರಿಯಲ್ಲಿ, ಅಂಕೋಲೆ ತಾಲೂಕಿನ ಶಿರೂರಿನ ಬಳಿ ಗುಡ್ಡವೊಂದು ರಸ್ತೆಯ ಮೇಲೆ ಜರಿದು ಗಂಗಾವಳಿ ನದಿಯೊಳಕ್ಕೆ ನುಗ್ಗಿತ್ತು. ರಸ್ತೆಯ ಮಗ್ಗುಲಿನ ಚಹದ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹ ಕುಡಿಯಲು ನಿಂತಿದ್ದ ಲಾರಿಗಳವರು, ಎಲ್ಲರನ್ನೂ ಮಣ್ಣು ನುಂಗಿತು. ನದಿಯಲ್ಲಿ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿ ಅಲ್ಲಿಯೂ ಒಂದು ಜೀವವನ್ನು ತೆಗೆದುಕೊಂಡಿತು. ಒಟ್ಟು ಹನ್ನೊಂದು ಮಂದಿ. ಕೇರಳದ ಲಾರಿ ಚಾಲಕನ ದೇಹ, ಅವನ ಲಾರಿಯೊಳಗೇ, ನದಿಯ ತಳದಲ್ಲಿ ಸಿಕ್ಕಿದುದು ಸೆಪ್ಟೆಂಬರ್ ೨೫ರಂದು. ಎಪ್ಪತ್ತೊಂದು ದಿನಗಳ ಮೇಲೆ.

ಈಗ ಖರ್ಚಿನ ಮಾತಿಗೆ ಬರೋಣ. ಸತ್ತವರ ಸಂಸಾರಗಳಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸರಕಾರ ಘೋಷಿಸಿತು. ನದಿಯ ಹೂಳೆತ್ತಿ ಹುಡುಕಲು ಗೋವೆಯಿಂದ ಯಂತ್ರನೌಕೆ ಬಂದಿತು. ಸುಮಾರು ಒಂದು ಕೋಟಿ ರೂಪಾಯಿಯ ಅಂದಾಜಿನ ಆ ವೆಚ್ಚವನ್ನೂ ರಾಜ್ಯವೇ ವಹಿಸಿಕೊಂಡಿತು. ನೌಕಾಪಡೆ, ಭೂಸೇನೆ, ವಿಪತ್ತು ಪಡೆಗಳವರು ವಾರಗಟ್ಟಲೆ ದುಡಿದರು. ಇವೆಲ್ಲ ಆಗಬೇಕಾದದ್ದೇ, ಮಾಡಿದುದು ಸರಿಯೇ. ಆದರೆ ರಾಜ್ಯ ಕೊಟ್ಟಿತೆಂದರೆ ಯಾರು ಕೊಟ್ಟರು? ಹುಬ್ಬಳ್ಳಿಯಲ್ಲಿ ಸೋಪು ಕೊಂಡ ಗೃಹಿಣಿ ಕೊಟ್ಟಳು, ಬೆಂಗಳೂರಿನಲ್ಲಿ ಸಂಬಳದಿಂದ ಕಳೆಸಿಕೊಂಡ ಗುಮಾಸ್ತ ಕೊಟ್ಟ. ಶಿರೂರಿನಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವಳು ಕೂಡ ತನ್ನ ಪರಿಹಾರದ ಒಂದು ಕಾಸನ್ನು ತಾನೇ ಕೊಟ್ಟುಕೊಂಡಳು.

ಹಳೆಯ ಕನ್ನಡದಲ್ಲಿ ‘ಹೊಣೆ’ ಎಂಬ ಮಾತಿಗೆ ಜಾಮೀನು ಎಂದೇ ಅರ್ಥ. ಹೊಣೆ ನಿಂತವನು, ಸಾಲಗಾರ ಕೊಡದೆ ಹೋದರೆ, ತನ್ನ ಗಂಟಿನಿಂದ ಬಿಚ್ಚಿ ಕೊಡಬೇಕು. ಕಾಲಕ್ರಮದಲ್ಲಿ ಆ ಮಾತಿನಿಂದ ಗಂಟು ಬಿಚ್ಚುವ ಭಾಗ ಉದುರಿಹೋಗಿ, ಭಾಷಣ ಮಾಡುವ ಭಾಗ ಮಾತ್ರ ಉಳಿದಿದೆ. “ಇದರ ಸಂಪೂರ್ಣ ಹೊಣೆಯನ್ನು ನಾನು ಹೊರುತ್ತೇನೆ” ಎಂದು ವೇದಿಕೆಯ ಮೇಲೆ ಹೇಳಿ ಇಳಿದವರ ಹೆಗಲ ಮೇಲೆ ಏನೂ ಇರುವುದಿಲ್ಲ, ನೋಡಿದರೆ ಹಾರವಿರುತ್ತದೆ.

ಮನೆಯ ಒಂದು ಸಣ್ಣ ಸಂಗತಿಯನ್ನು ಹೇಳಿದರೆ ವಾಚಕರು ಕ್ಷಮಿಸುವರೆಂದು ನಂಬಿದ್ದೇನೆ. ನಮ್ಮ ಮನೆಯ ತಾರಸಿ ಕಟ್ಟಿದ ಮೊದಲ ಮಳೆಗಾಲದಲ್ಲೇ ಸೋರಿತು. ಕಂಟ್ರಾಕ್ಟರರನ್ನು ಕರೆಸಿದೆ. ಅವರು ಮೇಸ್ತ್ರಿಯ ಕಡೆಗೆ ಬೆರಳು ತೋರಿದರು. ಮೇಸ್ತ್ರಿ ಸಿಮೆಂಟಿನ ಕಡೆಗೆ ತೋರಿದ. ಸಿಮೆಂಟು ಮಾರಿದವರು ಆಕಾಶದ ಕಡೆಗೆ ತೋರಿ, “ಈ ವರ್ಷದ ಮಳೆಯೇ ಹಾಗಲ್ಲವೆ ಸ್ವಾಮಿ” ಎಂದರು. ನಾನು ಬೆಪ್ಪಾಗಿ ಮೂವರ ಬೆರಳುಗಳನ್ನೂ ಸರದಿಯಂತೆ ನೋಡುತ್ತಿದ್ದೆ. ನನ್ನ ಮನೆಯಾಕೆ ಒಳಗಿನಿಂದ ಲೆಕ್ಕದ ಪುಸ್ತಕವನ್ನು ತಂದಳು. ಕೊನೆಯ ಕಂತನ್ನು ಆಕೆ ಇನ್ನೂ ಕೊಟ್ಟಿರಲಿಲ್ಲ. ಒಂದು ಮಳೆಗಾಲ ಕಳೆಯಲೆಂದು ಹಿಡಿದಿಟ್ಟಿದ್ದಳು. ಯಾವ ದಿನ ಯಾರು ಏನು ಹೇಳಿ ಎಷ್ಟು ಒಯ್ದರೆಂಬುದೂ ಅದರಲ್ಲಿ ಬರೆದಿತ್ತು. ಅದನ್ನು ಓದಿ ಹೇಳುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಎಂಟು ದಿನಗಳಲ್ಲಿ ತಾರಸಿಗೆ ಹೊಸ ಗಾರೆಯಾಯಿತು. ಲೋಕೋಪಯೋಗಿ ಕಾಮಗಾರಿಗಳ ಆಡಳಿತ ಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚಿನದು ಬಹಳವೇನೂ ಇಲ್ಲವೆಂದು ನನ್ನ ನಂಬಿಕೆ: ಹಿಡಿದಿಟ್ಟ ಹಣ, ಬರೆದಿಟ್ಟ ಹೆಸರು.

ಇಂಜಿನಿಯರರ ಮೇಲೆ ನನಗೆ ಹಗೆಯಿಲ್ಲ. ಸಮುದ್ರ ಕೂಡುವ ಮುಖದಲ್ಲಿ ಸೇತುವೆ ಕಟ್ಟುವುದು ಮಕ್ಕಳಾಟಿಕೆಯಲ್ಲ. ಉಪ್ಪು ಗಾಳಿಯಲ್ಲಿಯೂ ಉಬ್ಬರದ ನೀರಿನಲ್ಲಿಯೂ ಇರುವ ಲವಣ ಕಾಂಕ್ರೀಟಿನೊಳಕ್ಕೆ ಮೆಲ್ಲಮೆಲ್ಲನೆ ಇಳಿದು, ಒಳಗಿನ ಉಕ್ಕನ್ನು ಮುಟ್ಟುತ್ತದೆ. ಉಕ್ಕು ತುಕ್ಕಾಗುವಾಗ ಉಬ್ಬುತ್ತದೆ. ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆ ಸೀಳಿನಿಂದ ಮತ್ತಷ್ಟು ಉಪ್ಪುನೀರು ಒಳಹೋಗುತ್ತದೆ. ಹೊರಗಿನಿಂದ ಸುಣ್ಣ ಬಳಿದು ಹಸನಾಗಿ ಕಾಣುವ ಕಂಬ ಒಳಗೆ ಹಳಸಿರಬಹುದು. ಕಟ್ಟಿದವನು ಆ ದಿನಗಳ ಅರಿವಿಗೆ ತಕ್ಕಂತೆ ಪ್ರಾಮಾಣಿಕವಾಗಿ ಕಟ್ಟಿಯೂ ತಪ್ಪಿರಬಹುದು. ಅಂಥ ತಪ್ಪಿಗೆ ಬೇಡಿ ಹಾಕಹೊರಟರೆ ನಾಳೆ ಯಾವ ಇಂಜಿನಿಯರನೂ ನಕ್ಷೆಗೆ ರುಜು ಹಾಕಲಾರ. ಆದರೆ ಒಂದೇ ತಪ್ಪನ್ನು ಎರಡು ಸಲ ಕಂಡ ಮೇಲೆ ಮೂರನೆಯ ಸಲಕ್ಕೆ ಅದನ್ನು ತಪ್ಪೆಂದು ಕರೆಯಬಹುದೆ?

ಏಕೆ ಕೇಳುತ್ತೇನೆಂದರೆ, ಈ ರಸ್ತೆಗೆ ಇದು ಮೊದಲ ಅನುಭವವಲ್ಲ. ಹಿಂದೆ ೧೭ನೆಯ ಸಂಖ್ಯೆಯನ್ನೂ ಈಗ ೬೬ನೆಯ ಸಂಖ್ಯೆಯನ್ನೂ ಹೊತ್ತಿರುವ ಈ ಪಡುವಣ ಕರಾವಳಿಯ ಹೆದ್ದಾರಿಯಲ್ಲಿ, ಕಾರವಾರದಿಂದ ಕೆಲವೇ ತಾಸುಗಳ ದಾರಿಯ ಪಣಜಿಯಲ್ಲಿ, ಮಾಂಡವಿ ನದಿಯ ದೊಡ್ಡ ಸೇತುವೆ ೧೯೮೬ರ ಜುಲೈ ೫ರಂದು ಕುಸಿಯಿತು. ಅದು ೧೯೭೦ರ ಸುಮಾರಿಗೆ ತೆರೆದ ಸೇತುವೆ. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಒಳಗಿನ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಗೋವೆಯವರು ಹೊಸ ಸೇತುವೆಯಾಗುವ ತನಕ, ೧೯೯೨ರ ವರೆಗೆ, ನದಿ ದಾಟಲು ಮತ್ತೆ ಹಡಗವನ್ನೇ ನೆಚ್ಚಬೇಕಾಯಿತು. ಆಮೇಲೆ ೨೦೧೬ರ ಆಗಸ್ಟ್ ೨ರ ರಾತ್ರಿ, ಇದೇ ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಮಹಾಡದ ಬಳಿ, ಸಾವಿತ್ರಿ ನದಿಯ ಮೇಲೆ ೧೯೨೮ರಲ್ಲಿ ಕಟ್ಟಿದ್ದ ಕಲ್ಲಿನ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಗಿ ಎರಡು ಸರಕಾರಿ ಬಸ್ಸುಗಳು ಕತ್ತಲಲ್ಲಿ ಮಾಯವಾದವು. ಅದೇ ಸ್ಥಳದಲ್ಲಿ ೧೬೫ ದಿನಗಳಲ್ಲಿ ಹೊಸ ಸೇತುವೆ ಕಟ್ಟಿ, ೨೦೧೭ರ ಜೂನಿನಲ್ಲಿ ತೆರೆದು, ಆ ವೇಗಕ್ಕಾಗಿ ಅಭಿನಂದನೆ ಪಡೆದರು. ವೇಗ ಮೆಚ್ಚತಕ್ಕದ್ದೇ. ಹಳೆಯದನ್ನು ಅಷ್ಟೇ ವೇಗದಿಂದ ಪರೀಕ್ಷಿಸಿದ್ದರೆ ಇನ್ನೂ ಮೆಚ್ಚಬಹುದಾಗಿತ್ತು.

ಮಾಂಡವಿ, ಸಾವಿತ್ರಿ, ಕಾಳಿ. ಮೂರೂ ಒಂದೇ ರಸ್ತೆ, ಮೂರೂ ಮಳೆಗಾಲ. ಇಷ್ಟಾದ ಮೇಲೂ ಮಳೆಯನ್ನು ಅನಿರೀಕ್ಷಿತ ಅತಿಥಿಯೆಂಬಂತೆ ಮಾತಾಡುತ್ತಾರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರು ಮಳೆ ಸುರಿಯುತ್ತದೆಂಬುದು ಬ್ರಿಟಿಷರ ಕಾಲದಿಂದಲೂ ದಾಖಲೆಯಲ್ಲಿರುವ ಸಂಗತಿ. ಅದಕ್ಕೆ ಮೊದಲೂ ಅಲ್ಲಿಯ ಹಾಲಕ್ಕಿ ಒಕ್ಕಲಿಗ ಮುದುಕಿಯರಿಗೆ ಅದು ಗೊತ್ತಿತ್ತು.

ಗುತ್ತಿಗೆಯ ಕಾಗದಗಳಲ್ಲಿ ಇಂಗ್ಲಿಷರ ಕಾಯಿದೆಯಿಂದ ಬಂದ ಒಂದು ಕಲಮುಂಟು. ಅದನ್ನು ಕನ್ನಡದಲ್ಲಿ ‘ದೈವಕೃತ್ಯ’ ಎನ್ನಬಹುದು. ಮನುಷ್ಯನ ಅಳವಿಗೆ ಮೀರಿದ್ದು ನಡೆದರೆ ಗುತ್ತಿಗೆದಾರ ಹೊಣೆಯಲ್ಲ ಎಂದು ಅದರ ತಾತ್ಪರ್ಯ. ನ್ಯಾಯವಾದ ಮಾತು. ಆದರೆ ಜುಲೈ ತಿಂಗಳಿನಲ್ಲಿ ಅಂಕೋಲೆಯಲ್ಲಿ ಮಳೆ ಬಂದುದನ್ನು ದೈವಕೃತ್ಯವೆಂದರೆ ದೇವರು ಒಪ್ಪಲಿಕ್ಕಿಲ್ಲ. ಮೇಲೆ ಜಂಬಿಟ್ಟಿಗೆಯ ಚಿಪ್ಪು, ಕೆಳಗೆ ನೀರು ಕುಡಿದು ಮೆತ್ತಗಾಗುವ ಜೇಡಿ: ಆ ಗುಡ್ಡಗಳ ಗುಣವೇ ಅದು. ಬುಡವನ್ನು ನೆಟ್ಟಗೆ ಕಡಿದು ಗೋಡೆಯಂತೆ ನಿಲ್ಲಿಸಿದರೆ, ಒಳಗೆ ಕಟ್ಟಿದ ನೀರು ಹೊರಹೋಗಲು ದಾರಿ ಮಾಡದಿದ್ದರೆ, ಗುಡ್ಡ ಒಂದು ದಿನ ಕಾಲು ಜಾರಲೇಬೇಕು. ಮೆಟ್ಟಲು ಮೆಟ್ಟಲಾಗಿ ಕಡಿಯುವುದು, ನೆತ್ತಿಯಲ್ಲಿ ಕಾಲುವೆ ತೆಗೆಯುವುದು, ಕಲ್ಲು ತುಂಬಿದ ಬಲೆಯಿಂದ ಬುಡ ಕಟ್ಟುವುದು, ಇವು ಘಟ್ಟದ ರಸ್ತೆಗಳಲ್ಲಿ ಎಲ್ಲರೂ ಬಲ್ಲ ಉಪಾಯಗಳು. ಮೆಟ್ಟಲು ಕಡಿಯಲು ಹೆಚ್ಚು ಜಾಗ ಬೇಕು. ಜಾಗಕ್ಕೆ ಹಣ ಬೇಕು, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಎಲ್ಲಕ್ಕೂ ಕಾಲ ಬೇಕು. ಉಳಿತಾಯ ಎಲ್ಲಿ ಆಯಿತೆಂಬುದು ಅಲ್ಲಿಗೆ ತಿಳಿಯಿತಷ್ಟೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಶಿರೂರಿಗೆ ಬಂದು ನೋಡಿ, ಮಳೆಯ ಜೊತೆಗೆ ಹೆದ್ದಾರಿಗಾಗಿ ಇಳಿಜಾರನ್ನು ಕಡಿದ ರೀತಿಯನ್ನೂ ಕಾರಣವೆಂದು ಹೇಳಿದರು. ಕಾರವಾರದ ಪಕ್ಕದ ಕಡವಾಡದಲ್ಲಿ ೨೦೦೯ರ ಅಕ್ಟೋಬರಿನಲ್ಲಿ ಗುಡ್ಡ ಕುಸಿದು ೧೯ ಮಂದಿ ಮಡಿದಿದ್ದರು. ಹದಿನೈದು ವರ್ಷ ಮೊದಲೇ ಗುಡ್ಡಗಳು ಮಾತಾಡಿದ್ದುವೆಂದಾಯಿತು.

ಇನ್ನು ಹೊಣೆಯ ಸರಪಳಿ. ಗೋವೆಯ ಗಡಿಯಿಂದ ಕುಂದಾಪುರದ ತನಕ ಸುಮಾರು ೧೯೦ ಕಿಲೋಮೀಟರು ರಸ್ತೆಯನ್ನು ನಾಲ್ಕು ಪಥವಾಗಿ ಅಗಲಿಸುವ ಕೆಲಸವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಐ.ಆರ್.ಬಿ. ಸಂಸ್ಥೆಗೆ ವಹಿಸಿತು. ೨೦೧೪ರಲ್ಲಿ ಕೆಲಸ ಮೊದಲಾಯಿತು. ಕಟ್ಟುವುದು, ನೋಡಿಕೊಳ್ಳುವುದು, ೨೮ ವರ್ಷಗಳ ಅವಧಿಯಲ್ಲಿ ಸುಂಕ ಎತ್ತಿಕೊಳ್ಳುವುದು, ಎಲ್ಲವೂ ಒಂದೇ ಒಪ್ಪಂದ. ಕಾಳಿಗೆ ಹೊಸ ಸೇತುವೆಯೊಂದನ್ನು ಕಟ್ಟಿ, ನಲವತ್ತು ವರ್ಷ ದಾಟಿದ ಹಳೆಯದನ್ನೂ ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಂಡರು. ಎರಡಕ್ಕೆ ಬದಲು ಒಂದನ್ನೇ ಕಟ್ಟಿದುದರಿಂದ ಹಣ ಉಳಿಯಿತು. ಹಳೆಯದರ ಆರೋಗ್ಯ ನೋಡುವ ಕರ್ತವ್ಯ ಮಾತ್ರ ಉಳಿದೇ ಇತ್ತು. ಸೇತುವೆ ಬಿದ್ದ ಮೇಲೆ ಪ್ರಾಧಿಕಾರದ ಮೇಲೂ ಸಂಸ್ಥೆಯ ಮೇಲೂ ಮೊಕದ್ದಮೆ ದಾಖಲಾಯಿತು. ಅಪರಾಧ ಯಾರದೆಂದು ಹೇಳಬೇಕಾದುದು ನ್ಯಾಯಾಸ್ಥಾನ. ನಾನೂ ಅಲ್ಲ, ನೀವೂ ಅಲ್ಲ.

ಈ ಬಗೆಯ ಮಾದರಿ ಒಪ್ಪಂದಗಳಲ್ಲಿ ‘ಸ್ವತಂತ್ರ ಇಂಜಿನಿಯರ್’ ಎಂಬ ಮೂರನೆಯವನೊಬ್ಬನಿದ್ದಾನೆ. ಕಾಮಗಾರಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ವರದಿ ಕೊಡುವವನು ಇವನೇ. ಇವನ ಸಂಭಾವನೆಯ ಅರ್ಧವನ್ನು ಪ್ರಾಧಿಕಾರವೂ ಉಳಿದರ್ಧವನ್ನು ಗುತ್ತಿಗೆ ಸಂಸ್ಥೆಯೂ ಭರಿಸುತ್ತವೆ. ಪ್ರಾಮಾಣಿಕರೇ ಇರಬಹುದು, ಆದರೆ ಅರ್ಧ ಸಂಬಳವನ್ನು ಬ್ಯಾಟು ಬೀಸುವವನಿಂದಲೇ ಪಡೆಯುವ ಅಂಪೈರನನ್ನು ನಮ್ಮ ಬೀದಿಯ ಹುಡುಗರು ಕೂಡ ಒಪ್ಪಲಾರರು. ಹೀಗೆ ಪ್ರಾಧಿಕಾರ ಸಂಸ್ಥೆಯನ್ನು ತೋರಿದರೆ, ಸಂಸ್ಥೆ ತಜ್ಞನನ್ನು ತೋರಿ, ತಜ್ಞ ಜಾಗ ಬಿಡಿಸಿಕೊಡದ ಇಲಾಖೆಯನ್ನು ತೋರಬಹುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಡೆಗೆ ಕೆಳಗಿನ ದರ್ಜೆಯ ಸಹಾಯಕನೊಬ್ಬನನ್ನು ಅಮಾನತಿನಲ್ಲಿಟ್ಟು ಕಡತ ಕಟ್ಟಿಡುವುದು ನಮ್ಮ ದೇಶದಲ್ಲಿ ಬಹುಕಾಲದ ಸಂಪ್ರದಾಯ. ೨೦೨೪ರ ಅದೇ ಮಳೆಗಾಲದಲ್ಲಿ ಬಿಹಾರದಲ್ಲಿ ಸಾಲುಸಾಲಾಗಿ ಸೇತುವೆಗಳು ಬಿದ್ದಾಗ ಹದಿನೈದು ಹದಿನಾರು ಇಂಜಿನಿಯರರನ್ನು ಒಟ್ಟಿಗೇ ಅಮಾನತು ಮಾಡಿದರು. ಅಮಾನತಿನಿಂದ ಸೇತುವೆ ಏಳುವುದಿಲ್ಲ, ಬೊಕ್ಕಸಕ್ಕೆ ಕಾಸೂ ಮರಳುವುದಿಲ್ಲ.

ನಮ್ಮ ಹಿರಿಯರ ಪದ್ಧತಿ ಬೇರೆಯಾಗಿತ್ತು. ಕನ್ನಡ ನಾಡಿನ ಶಾಸನಗಳಲ್ಲಿ ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಮೇಲಿಂದ ಮೇಲೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡಿಕೊಂಡು ಹೋಗುವವನಿಗೆ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವುದೇ ಆ ಏರ್ಪಾಟು. ಏರಿಗೆ ಮಣ್ಣು ಹಾಕಬೇಕು, ತೂಬು ನೋಡಬೇಕು, ಹೂಳು ತೆಗೆಯಬೇಕು. ಅದಕ್ಕಾಗಿಯೇ ಈ ಕೊಡಗೆ. ಯಾರಿಗೆ, ಯಾವ ಭೂಮಿ, ಯಾವ ಕೆಲಸಕ್ಕೆ ಎಂಬುದನ್ನು ಕಲ್ಲಿನ ಮೇಲೆ ಕೊರೆದು, ಕೆರೆಯ ಬಳಿಯೇ ನಿಲ್ಲಿಸುತ್ತಿದ್ದರು. ನೀರಿಗೆ ಬಂದವರೆಲ್ಲರ ಕಣ್ಣಿಗೂ ಬೀಳಲೆಂದು. ವಿಜಯನಗರದ ಕಾಲದ ೧೩೬೯ರ ಪೊರುಮಾಮಿಳ್ಳ ಶಾಸನದಲ್ಲಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿ ಕೊಟ್ಟಿದೆ. ತನ್ನ ಕೆಲಸ ಹೇಗೆ ಕೆಡಬಹುದೆಂಬುದನ್ನು ಕೆಲಸ ಮಾಡಿಸಿದವನೇ ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸಿದ ಧೈರ್ಯವನ್ನು ಗಮನಿಸಿ. ಇಂದು ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರೇ ಇರುತ್ತದೆ.

ಹಟ್ಟಿಕೇರಿಯ ಸುಂಕದ ಕಟ್ಟೆಯಲ್ಲಿ ವಾಹನದವರು ಕೊಡುವ ಹಣವೂ ಇಂದಿನ ಕಟ್ಟುಗೊಡಗೆಯಲ್ಲದೆ ಬೇರೆಯಲ್ಲ. ರಸ್ತೆಯನ್ನು ಕಟ್ಟಿದುದಕ್ಕೂ ಕಾಪಾಡುವುದಕ್ಕೂ ಅದು ಸಲ್ಲುತ್ತದೆ. ಈ ಹಟ್ಟಿಕೇರಿ ಅಂಕೋಲೆ ತಾಲೂಕಿನಲ್ಲಿದೆಯೆಂಬುದು ಇತಿಹಾಸದ ಒಂದು ಚೇಷ್ಟೆ. ೧೯೩೦ರಲ್ಲಿ ಉಪ್ಪು ಮಾಡಿದ ಅಂಕೋಲೆ, ಆಮೇಲೆ ಕರನಿರಾಕರಣೆಯಲ್ಲಿ ಹೊಲಗದ್ದೆಗಳನ್ನೇ ಕಳೆದುಕೊಂಡ ಅಂಕೋಲೆ, ಕರ್ನಾಟಕದ ಬಾರ್ಡೋಲಿಯೆಂದು ಹೊಗಳಿಸಿಕೊಂಡ ಅಂಕೋಲೆ! ಅಲ್ಲಿಯ ಮೊಮ್ಮಕ್ಕಳು ಈಗ ನಿರಾಕರಿಸದೆ ಕೊಡುತ್ತಿದ್ದಾರೆ. ಕೊಡುವುದು ತಪ್ಪಲ್ಲ. ಕೊಟ್ಟ ಮೇಲೆ ಲೆಕ್ಕ ಕೇಳದಿರುವುದು ಆ ಹಿರಿಯರಿಗೆ ಒಪ್ಪಿಗೆಯಾಗುತ್ತಿತ್ತೆಂದು ತೋರುವುದಿಲ್ಲ.

ಸುಂಕ ಎತ್ತುವವನೇ ನಷ್ಟವನ್ನೂ ತೆರುವಂತೆ ಮಾಡಲು ಸಾಧ್ಯವೆ ಎಂದರೆ, ಸಾಧ್ಯ. ಇಟಲಿಯ ಜೆನೋವಾದಲ್ಲಿ ೨೦೧೮ರ ಆಗಸ್ಟ್ ೧೪ರಂದು ಮೊರಾಂಡಿ ಸೇತುವೆ ಮುರಿದು ೪೩ ಮಂದಿ ಸತ್ತರು. ಅದನ್ನೂ ಖಾಸಗಿ ಸಂಸ್ಥೆಯೊಂದು ಸುಂಕದ ಒಪ್ಪಂದದ ಮೇಲೆ ನಡೆಸುತ್ತಿತ್ತು. ಸರಕಾರ ಕಾಯಿದೆ ಮಾಡಿ ಹೊಸ ಸೇತುವೆಯ ವೆಚ್ಚವನ್ನು ಆ ಸಂಸ್ಥೆಯಿಂದಲೇ ತೆರಿಸಿತು. ಎರಡು ವರ್ಷಗಳಲ್ಲಿ ಸೇತುವೆ ಎದ್ದಿತು. ೨೦೨೨ರಲ್ಲಿ ಒಡೆತನವೇ ಕೈಬದಲಾಗಿ ಸರಕಾರಿ ಹಣಕಾಸು ಸಂಸ್ಥೆಯ ಮುಂದಾಳುತನದ ಗುಂಪಿಗೆ ಹೋಯಿತು. ಆ ವರ್ಷವೇ ೫೯ ಜನರ ಮೇಲೆ ವಿಚಾರಣೆ ಮೊದಲಾಯಿತು; ಅವರಲ್ಲಿ ಕೆಳಗಿನ ಸಹಾಯಕರಷ್ಟೇ ಅಲ್ಲ, ಸಂಸ್ಥೆಯ ಹಿಂದಿನ ಮುಖ್ಯಾಧಿಕಾರಿಯೂ ಇದ್ದರು.

ಇನ್ನೂ ಹಿಂದಿನದೊಂದು. ಕೆನಡಾದ ಕ್ವಿಬೆಕ್ಕಿನಲ್ಲಿ ೧೯೦೭ರಲ್ಲಿ, ಕಟ್ಟುತ್ತಿರುವಾಗಲೇ ದೊಡ್ಡ ಸೇತುವೆ ಬಿದ್ದು ೭೫ ಕೆಲಸಗಾರರು ತೀರಿಕೊಂಡರು. ಮರುವರ್ಷ ವಿಚಾರಣಾ ಸಮಿತಿ ವರದಿ ಕೊಟ್ಟಾಗ “ಸಂಬಂಧಪಟ್ಟವರು” ಎಂಬ ಮಂಜಿನ ಮಾತನ್ನು ಬಳಸಲಿಲ್ಲ. ಥಿಯೋಡೋರ್ ಕೂಪರ್, ಪೀಟರ್ ಸ್ಲಾಪ್ಕಾ ಎಂದು ಇಬ್ಬರು ಇಂಜಿನಿಯರರನ್ನು ಹೆಸರಿಸಿ, ಅವರ ನಿರ್ಣಯದ ದೋಷವೆಂದು ಬರೆಯಿತು. ಕೂಪರ್ ಆ ಕಾಲದ ಹೆಸರಾಂತ ತಜ್ಞ. ಹೆಸರಿನ ದೊಡ್ಡತನ ಅಡ್ಡ ಬರಲಿಲ್ಲ. ಅಲ್ಲಿಯ ಇಂಜಿನಿಯರರು ೧೯೨೫ರಿಂದ ವೃತ್ತಿಗಿಳಿಯುವಾಗ ಕಬ್ಬಿಣದ ಉಂಗುರವೊಂದನ್ನು ಕಿರುಬೆರಳಿಗೆ ತೊಡುತ್ತಾರೆ. ಬಿದ್ದ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರೆಂಬ ಮಾತು ಬರಿಯ ದಂತಕಥೆ. ನಕ್ಷೆ ಬರೆಯುವಾಗ ಅದು ಕಾಗದಕ್ಕೆ ತಾಗಿ ಕಿರಿಕಿರಿಯಾಗುತ್ತದಂತೆ. ಆಗಲಿ ಎಂದೇ ತೊಡಿಸಿದ್ದು.

ನಮ್ಮಲ್ಲಿಯೂ ಒಂದು ಒಳ್ಳೆಯ ಆರಂಭವಾಗಿತ್ತು. ಸಾವಿತ್ರಿಯ ದುರಂತದ ವರ್ಷವೇ, ೨೦೧೬ರ ಅಕ್ಟೋಬರಿನಲ್ಲಿ, ಕೇಂದ್ರ ಸರಕಾರ ದೇಶದ ಹೆದ್ದಾರಿ ಸೇತುವೆಗಳ ಗಣತಿಯ ವ್ಯವಸ್ಥೆಯನ್ನು ಜಾರಿಗೆ ತಂದಿತು. ಲಕ್ಷಕ್ಕೂ ಮಿಕ್ಕ ಸೇತುವೆಗಳನ್ನು ಎಣಿಸಿ, ಒಂದೊಂದಕ್ಕೂ ಗುರುತಿನ ಸಂಖ್ಯೆಯನ್ನೂ, ದೇಹಸ್ಥಿತಿಗೆ ತಕ್ಕ ಅಂಕವನ್ನೂ ಕೊಟ್ಟರು. ಆ ಅಂಕ ಕಚೇರಿಯ ಯಂತ್ರದೊಳಗೆ ಏಕಿರಬೇಕು? ಶಾಲೆಯ ಹುಡುಗನ ಅಂಕಪಟ್ಟಿಯನ್ನು ತಂದೆಗೆ ತೋರಿಸಿ ರುಜು ಹಾಕಿಸಿಕೊಂಡು ಬಾ ಎನ್ನುತ್ತೇವೆ. ಸೇತುವೆಯ ಅಂಕವನ್ನು ಸೇತುವೆಯ ತಲೆಯಲ್ಲಿಯೇ ಹಲಗೆಯ ಮೇಲೆ ಬರೆದು ನಿಲ್ಲಿಸಲಿ: ಕೊನೆಯ ಪರೀಕ್ಷೆ ಯಾವ ದಿನ, ಮಾಡಿದವರಾರು, ರುಜು ಯಾರದು, ಮುಂದಿನದು ಎಂದು. ಕನ್ನಡದಲ್ಲಿ ಬರೆಯಲಿ; ಸದಾಶಿವಗಡದ ಮೀನು ಮಾರುವಾಕೆಯೂ ಓದುವಂತಿರಲಿ, ಓದು ಬಾರದಿದ್ದರೆ ಮಗಳಿಂದ ಓದಿಸಿ ತಿಳಿಯುವಂತಿರಲಿ. ಕಡಿದ ಗುಡ್ಡಗಳ ಬುಡದಲ್ಲಿಯೂ ಅಂಥದೊಂದು ಹಲಗೆ ನಿಲ್ಲಲಿ. ಹಲಗೆಗೆ ಹಣ ಹೆಚ್ಚು ಬೇಡ. ಹೆಸರು ಬರೆಯಿಸಿಕೊಳ್ಳುವ ಎದೆ ಬೇಕು, ಅಷ್ಟೆ.

ಹಿಡಿದಿಟ್ಟ ಹಣದ ವಿಷಯದಲ್ಲಿಯೂ ನನ್ನ ಮನೆಯಾಕೆಯ ಪಕ್ಷವೇ ನನ್ನದು. ಸೇತುವೆ ಬಿದ್ದರೆ ಸುಂಕದ ಹಣ ಮೊದಲು ಅದರ ಅವಶೇಷ ತೆಗೆಯಲು, ನೊಂದವರಿಗೆ ಕೊಡಲು, ಹೊಸದನ್ನು ಕಟ್ಟಲು ಹೋಗಲಿ, ಉಳಿದರೆ ಲಾಭ. ನಿರ್ದೋಷಿಯೆಂದು ನ್ಯಾಯಾಸ್ಥಾನದಲ್ಲಿ ತೀರ್ಪಾದರೆ ಬಡ್ಡಿ ಸಹಿತ ಹಿಂದಕ್ಕೆ ಕೊಡೋಣ. ಇಂಥ ಕರಾರಿಗೆ ಯಾವ ಗುತ್ತಿಗೆದಾರನೂ ಬರಲಾರನೆಂದು ಬಲ್ಲವರು ಹೆದರಿಸುತ್ತಾರೆ. ನಮ್ಮ ತಾರಸಿಯ ಕಂಟ್ರಾಕ್ಟರರೂ ಮೊದಲ ದಿನ ಹಾಗೆಯೇ ಹೇಳಿದ್ದರು.

ಗಂಗಾವಳಿಯ ಶೋಧವನ್ನು ನಿಲ್ಲಿಸಿದಾಗ, ಹನ್ನೊಂದರಲ್ಲಿ ಒಂಬತ್ತು ದೇಹಗಳು ಸಿಕ್ಕಿದ್ದುವು. ಉಳಿದಿಬ್ಬರೂ ಆ ಕಡೆಯ ಊರುಗಳವರೇ.